ಹುಳುವಿಗೆ ಆ್ಯಪ್ ಗೊತ್ತಿಲ್ಲ



ಕಂಬೈನಲ್ಲೂರು ಎಲ್ಲಿದೆ ಎಂದು ಬೆಂಗಳೂರಿನವರು ಕೇಳಿದರೆ ನಾನು ಊರಿಗೆ ದಾರಿ ಹೇಳುವ ಮೊದಲು ಹೊಳೆಯ ದಾರಿ ಹೇಳುತ್ತೇನೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಅಂಚು ಹಿಡಿದು ಹೊಸೂರಿನ ಕಡೆಗೆ ಇಳಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರೂ ಅದಕ್ಕೇ ಸೇರುತ್ತದೆ. ಗಡಿ ದಾಟಿದ ಮೇಲೆ ಅದು ತೆನ್‌ಪೆಣ್ಣೈ. ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು ಹಾದು ಧರ್ಮಪುರಿ ಜಿಲ್ಲೆಯ ಇರುಮತ್ತೂರಿಗೆ ಬರುತ್ತದೆ. ಅಲ್ಲಿಂದ ನಮ್ಮ ಕಂಬೈನಲ್ಲೂರು ದೂರವೇನಲ್ಲ. ಬೆಳ್ಳಂದೂರಿನ ಸುತ್ತಲ ಗಾಜಿನ ಕಟ್ಟಡಗಳಲ್ಲಿ ಕೂತು ಲೋಕವನ್ನೇ ಬದಲಾಯಿಸುತ್ತೇವೆ ಎನ್ನುವವರ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿಲ್ಲದಿರಬಹುದು, ಕೆಲವರಪಳ್ಳಿಯಲ್ಲಿ ಏಳುವ ನೊರೆ ನೋಡಿದವರಿಗೆ ಗೊತ್ತು. ಸ್ಟಾರ್ಟಪ್ಪುಗಳಿಗೂ ನಿಮ್ಮ ಹಳ್ಳಿಗಾಡಿಗೂ ಏನು ಸಂಬಂಧ ಎಂದು ಕೇಳಿದರೆ ಮೊದಲನೆಯದು ಈ ನೀರಿನ ಸಂಬಂಧ. ಎರಡನೆಯದು ರೇಷ್ಮೆಯ ಸಂಬಂಧ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಎರಡನೆಯದರ ಬಗ್ಗೆ.

ನಮ್ಮ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ಎರಡರ ಜೊತೆಗೆ ತೆಲುಗು ಆಡುವ ಮನೆಗಳು ಇನ್ನೂ ಇವೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗುವ ತನಕ ಬಾರಾಮಹಲ್ ಎನ್ನುತ್ತಿದ್ದ ಈ ಸೀಮೆ ಮೈಸೂರಿನ ಕೈಯಲ್ಲಿತ್ತು. ಆಗ ಆಳುತ್ತಿದ್ದ ಟಿಪ್ಪುವೇ ಮೈಸೂರು ಸೀಮೆಗೆ ರೇಷ್ಮೆ ತಂದವನು. ಗಡಿ ಸರಿಯಿತು, ರಾಜ್ಯಗಳ ಹೆಸರು ಬದಲಾಯಿತು, ಆದರೆ ಹುಳು ಸಾಕುವವರಿಗೆ ರಾಮನಗರದ ಗೂಡಿನ ಮಾರುಕಟ್ಟೆಯ ಇವತ್ತಿನ ದರ ಎಷ್ಟು ಎಂದು ಕೇಳುವ ಅಭ್ಯಾಸ ಹೋಗಲಿಲ್ಲ. ತಮಿಳುನಾಡಿನ ಅತಿ ದೊಡ್ಡ ರೇಷ್ಮೆಗೂಡಿನ ಹರಾಜು ಮಾರುಕಟ್ಟೆ ನಮ್ಮ ಧರ್ಮಪುರಿ ಪಟ್ಟಣದಲ್ಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವಿರೋಧಿ ಅಲ್ಲ. ಹುಳುಮನೆಯಲ್ಲಿ ಕೆಲಸ ಮಾಡಿದ ಯಾರೂ ಯಂತ್ರದ ವಿರೋಧಿ ಆಗಲಾರರು. ಐದನೇ ಹಂತದ ಹುಳುವಿಗೆ ಸೊಪ್ಪು ಹೊತ್ತು ಹೊತ್ತು ಸೊಂಟ ಬಿದ್ದವರಿಗೆ ಕೈಕೆಲಸದ ಮಹಿಮೆಯ ಬಗ್ಗೆ ಕವಿತೆ ಬರೆಯಲು ಮನಸ್ಸು ಬರುವುದಿಲ್ಲ. ನೂರು ಮೊಟ್ಟೆ ಅಂದರೆ, ಪೇಟೆಯ ಕೇಳುಗರಿಗೆ ಹೇಳುತ್ತೇನೆ, ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ಅದರಿಂದ ನಲವತ್ತು ಐವತ್ತು ಸಾವಿರ ಹುಳು ಏಳುತ್ತವೆ. ನಾಲ್ಕು ಜ್ವರ ಕಳೆಯುವಷ್ಟರಲ್ಲಿ, ಅಂದರೆ ನಾಲ್ಕು ಸಲ ಪೊರೆ ಬಿಡುವಷ್ಟರಲ್ಲಿ, ಪ್ರತಿ ಹುಳುವೂ ಹುಟ್ಟಿದಾಗಿದ್ದ ತೂಕಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದನ್ನೆಲ್ಲ ಒಟ್ಟು ಸೇರಿಸಿದರೂ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಇಂಥ ಕೆಲಸಕ್ಕೆ ನೆರವಾದ ಯಂತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ತಿರುಗುವ ಚಂದ್ರಿಕೆ. ಹಿಂದೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಿದ್ದರು. ಜಪಾನಿನವರು ಮಾಡಿದ್ದು ರಟ್ಟಿನ ಚೌಕಟ್ಟು. ಒಂದೊಂದು ಚೌಕಟ್ಟಿನಲ್ಲಿ 156 ಪುಟ್ಟ ಕೋಣೆ. ಅಂಥ ಹತ್ತು ಚೌಕಟ್ಟುಗಳನ್ನು ಒಂದು ಅಚ್ಚಿಗೆ ಜೋಡಿಸಿ ತೂಗುಬಿಡುತ್ತಾರೆ. ಹಣ್ಣಾದ ಹುಳುವಿನ ಸ್ವಭಾವ ಮೇಲಕ್ಕೆ ಹತ್ತುವುದು. ಎಲ್ಲವೂ ಮೇಲಕ್ಕೆ ಹತ್ತಿದಾಗ ಮೇಲಿನ ಭಾಗ ಭಾರವಾಗುತ್ತದೆ, ಚಂದ್ರಿಕೆ ತಾನೇ ತಿರುಗಿ ತಲೆಕೆಳಗಾಗುತ್ತದೆ. ಈಗ ಕೆಳಗೆ ಬಂದ ಹುಳುಗಳು ಮತ್ತೆ ಹತ್ತಲು ಶುರು ಮಾಡುತ್ತವೆ. ದಾರಿಯಲ್ಲಿ ಖಾಲಿ ಕೋಣೆ ಸಿಕ್ಕಿದ ಹುಳು ಅಲ್ಲೇ ಕೂತು ಗೂಡು ಕಟ್ಟುತ್ತದೆ. ಹೀಗೆ ತಿರುಗಿ ತಿರುಗಿ ಕೋಣೆಗಳು ತುಂಬುತ್ತಾ ಬರುತ್ತವೆ. ಕರೆಂಟು ಬೇಡ, ಮೋಟಾರು ಬೇಡ, ಇಂಟರ್ನೆಟ್ ಬೇಡ. ಹುಳುವಿನ ಸ್ವಭಾವವೇ ಅದರ ಎಂಜಿನ್. ಇದನ್ನು ಮಾಡಿದವನು ಯಾರೋ ಏನೋ, ಹುಳುವನ್ನು ಬಹಳ ಹೊತ್ತು ಸುಮ್ಮನೆ ಕೂತು ನೋಡಿದವನೇ ಆಗಿರಬೇಕು.

ಇನ್ನೊಂದು ಹೇಳಬೇಕು. 1991ರಿಂದ ಸುಮಾರು ಹದಿನಾರು ವರ್ಷ ಜಪಾನಿನ ಜೈಕಾ ಸಂಸ್ಥೆಯವರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಕರ್ನಾಟಕ, ತಮಿಳುನಾಡು, ಆಂಧ್ರದ ರೈತರ ನಡುವೆ ದ್ವಿತಳಿ ರೇಷ್ಮೆಯ ಕೆಲಸ ಮಾಡಿದರು. ಸಿ.ಎಸ್.ಆರ್. ಎಂಬ ಹುಳುವಿನ ತಳಿಗಳು ಬಂದದ್ದು ಆ ಕಾಲದಲ್ಲಿ. ವಿ-1 ಎಂಬ ಹಿಪ್ಪುನೇರಳೆ ಹರಡಿದ್ದೂ ಆಗಲೇ. ರೈತರ ಬೆನ್ನಿಗೆ ನಿಜವಾಗಿ ಬಿಡುವು ಕೊಟ್ಟದ್ದು ಮಾತ್ರ ಬಹಳ ಸಣ್ಣದೊಂದು ಬದಲಾವಣೆ. ಎಲೆ ಎಲೆ ಕೀಳುವುದು ಬಿಟ್ಟು ರೆಂಬೆ ಸಮೇತ ಕತ್ತರಿಸಿ ಹುಳುವಿನ ಮೇಲೆ ಹಾಸುವುದು. ಹುಳು ರೆಂಬೆ ಹತ್ತಿ ತಿನ್ನುತ್ತದೆ, ಕಸ ಕೆಳಗೆ ಉಳಿಯುತ್ತದೆ, ಗಾಳಿ ಆಡುತ್ತದೆ, ದಿನವೂ ಹಾಸು ತೆಗೆಯುವ ಕೆಲಸ ತಪ್ಪುತ್ತದೆ. ಇವತ್ತು ತಮಿಳುನಾಡು ಬಹುಪಾಲು ಬೆಳೆಯುವುದು ಬಿಳಿಗೂಡನ್ನೇ, ಅಂದರೆ ದ್ವಿತಳಿಯನ್ನೇ. ಇದಕ್ಕೆ ಯಾವ ಕಂಪನಿಯ ಬೆಲೆಯೂ ನೂರು ಕೋಟಿ ಡಾಲರಿಗೆ ಏರಲಿಲ್ಲ, ಯಾರ ಫೋಟೋವೂ ಪತ್ರಿಕೆಯ ಮುಖಪುಟದಲ್ಲಿ ಬರಲಿಲ್ಲ. ಹದಿನಾರು ವರ್ಷ ಕಾಯುವ ದುಡ್ಡು ಒಂದು ಕಡೆ ಇತ್ತು, ಹೊಲಕ್ಕೆ ಬಂದು ಕೆಸರು ತುಳಿಯುವ ವಿಜ್ಞಾನಿಗಳು ಇನ್ನೊಂದು ಕಡೆ ಇದ್ದರು, ಅಷ್ಟೆ.

ಈಗ 2020ಕ್ಕೆ ಬನ್ನಿ. ಕೊರೋನಾ ಬಂದು ಮಾರುಕಟ್ಟೆಗಳೆಲ್ಲ ತತ್ತರಿಸಿದ ವರ್ಷ. ಆ ವರ್ಷ ಬೆಂಗಳೂರಿನಲ್ಲಿ ರೇಷಾಮಂಡಿ ಎಂಬ ಸ್ಟಾರ್ಟಪ್ ಶುರುವಾಯಿತು. ರೈತನ ಹೊಲದಿಂದ ಸೀರೆ ಅಂಗಡಿಯವರೆಗೆ ಇಡೀ ರೇಷ್ಮೆಯ ಸರಪಳಿಯನ್ನು ಒಂದೇ ಆ್ಯಪಿನಲ್ಲಿ ಹಿಡಿಯುತ್ತೇವೆ ಎಂಬುದು ಅವರ ಮಾತು. ಹುಳುಮನೆಯ ಬಿಸಿ, ತೇವ ಅಳೆಯಲು ಸೆನ್ಸರು, ರೈತನಿಗೆ ಕೃತಕ ಬುದ್ಧಿಮತ್ತೆಯ ಸಲಹೆ, ಗೂಡಿಗೆ ಒಳ್ಳೆಯ ಬೆಲೆ, ನೂಲು ಬಿಚ್ಚುವ ರೀಲರಿಗೆ ಒಳ್ಳೆಯ ಗೂಡು, ನೇಕಾರನಿಗೆ ಒಳ್ಳೆಯ ನೂಲು. ಕೇಳಲು ಚೆನ್ನಾಗಿಯೇ ಇತ್ತು. 2021ರ ಅಕ್ಟೋಬರಿನಲ್ಲಿ ಹೂಡಿಕೆದಾರರು ಮೂರು ಕೋಟಿ ಡಾಲರು ಸುರಿದರು. 2023ರಲ್ಲಿ ಕೆಲಸಗಾರರನ್ನು ದೊಡ್ಡ ಪ್ರಮಾಣದಲ್ಲಿ ತೆಗೆದರು. 2024ರಲ್ಲಿ ಕಂಪನಿಯ ಲೆಕ್ಕ ಪರಿಶೋಧಕರು ರಾಜೀನಾಮೆ ಕೊಟ್ಟು ಹೋದರು, ವೆಬ್‌ಸೈಟು ನಿಂತುಹೋಯಿತು, ಮೇಲೆ ಸಾಲ. ನಾಲ್ಕು ವರ್ಷದಲ್ಲಿ ಹುಟ್ಟು, ಹಬ್ಬ, ತಿಥಿ ಎಲ್ಲ ಮುಗಿಯಿತು.

ಕಂಪನಿ ಮುಳುಗುವುದು ಹೊಸದಲ್ಲ. ಬೆಂಗಳೂರಿನ ಬೈಜೂಸ್ ಒಂದು ಕಾಲಕ್ಕೆ 2,200 ಕೋಟಿ ಡಾಲರು ಬಾಳುತ್ತದೆ ಎಂದರು. 2024ರ ಜುಲೈನಲ್ಲಿ ಕ್ರಿಕೆಟ್ ಮಂಡಳಿಗೆ ಕೊಡಬೇಕಾದ 158 ಕೋಟಿ ರೂಪಾಯಿಯ ಬಾಕಿಗಾಗಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಮನೆ ಬಾಗಿಲಿಗೆ ಸಾಮಾನು ತಲುಪಿಸುತ್ತಿದ್ದ ಡನ್ಜೋ 2025ರ ಜನವರಿಯಲ್ಲಿ ಬಾಗಿಲು ಹಾಕಿತು. ಬೀದಿಯಲ್ಲಿ ದಿನಸಿ ಅಂಗಡಿಯೂ ಮುಚ್ಚುತ್ತದೆ, ಅದಕ್ಕೆ ಯಾರೂ ಬಾನುಲಿಯಲ್ಲಿ ಭಾಷಣ ಮಾಡುವುದಿಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. ರೇಷ್ಮೆಯಲ್ಲಿ ಆ್ಯಪಿನ ಕೈಗೆ ಸಿಗದ ಭಾಗ ಯಾವುದು?

ಒಂದು ಉದಾಹರಣೆ ಕೊಡುತ್ತೇನೆ. ದೊಡ್ಡ ಹುಳುವಿಗೆ ಇಪ್ಪತ್ತನಾಲ್ಕು ಇಪ್ಪತ್ತೈದು ಡಿಗ್ರಿ ಬಿಸಿ, ನೂರಕ್ಕೆ ಎಪ್ಪತ್ತರಷ್ಟು ತೇವ ಇರಬೇಕು. ಸೆನ್ಸರು ಅದನ್ನು ಚಾಚೂ ತಪ್ಪದೆ ಅಳೆದು ಫೋನಿಗೆ ಕಳಿಸುತ್ತದೆ. ಎಲ್ಲ ಹಸಿರು ದೀಪ. ಅದೇ ಹೊತ್ತಿಗೆ ಪಕ್ಕದ ಮಾವಿನ ತೋಪಿನಲ್ಲೋ ಟೊಮೆಟೊ ಹೊಲದಲ್ಲೋ ಔಷಧಿ ಹೊಡೆದಿರುತ್ತಾರೆ, ಗಾಳಿ ಈ ಕಡೆಗೆ ಬೀಸಿರುತ್ತದೆ. ಆ ಸೊಪ್ಪು ತಿಂದ ಹುಳು ತಲೆ ಆಡಿಸುತ್ತದೆ, ಹಸಿರು ನೀರು ಕಕ್ಕುತ್ತದೆ, ಸಂಜೆಗೆ ಸಾಯುತ್ತದೆ. ಫೋನಿನಲ್ಲಿ ಆಗಲೂ ಇಪ್ಪತ್ತೈದು ಡಿಗ್ರಿಯೇ. ಇದನ್ನು ತಡೆಯುವುದು ಹೇಗೆ? ಪಕ್ಕದ ಹೊಲದವನ ಜೊತೆ ಮಾತು ಇರಬೇಕು. ಅವನು ಔಷಧಿ ಹೊಡೆಯುವ ಹಿಂದಿನ ದಿನ, ಅಣ್ಣಾ ನಾಳೆ ಹೊಡೀತೀನಿ, ಸೊಪ್ಪು ಇವತ್ತೇ ಕೊಯ್ಕೊ ಎಂದು ಒಂದು ಮಾತು ಹೇಳಬೇಕು. ಬದುವಿನ ಜಗಳ ಇದ್ದರೆ ಹೇಳುವುದಿಲ್ಲ. ಬದುವಿನ ಜಗಳಕ್ಕೆ ಸೆನ್ಸರು ಎಲ್ಲಿ ಸಿಗುತ್ತದೆ ನೀವೇ ಹೇಳಿ.

ಗಂಟುರೋಗದ ಕತೆಯೂ ಹೀಗೇ. ಅದು ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವ ರೋಗ. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋಗಿ ಐದು ವರ್ಷ ಇದರ ಹಿಂದೆ ಬಿದ್ದ. ಕೊನೆಗೆ ಅವನು ಕೊಟ್ಟ ಉಪಾಯ ಇಷ್ಟೆ: ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಬಿಡಿ. ಇವತ್ತಿಗೂ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ನಂಬುವುದು ಆ ಪರೀಕ್ಷೆಯನ್ನೇ. ಒಬ್ಬರ ಕಣ್ಣು, ಒಂದು ಗಾಜು. ಆ ಕಣ್ಣಿಗೆ ಬೇಸರ ಬಂದ ದಿನ ಎಷ್ಟೋ ಮನೆಗಳ ಬೆಳೆ ಹೋಗುತ್ತದೆ. ಇಲ್ಲಿಗೆ ಒಂದು ಯಂತ್ರ ಬಂದು ಆ ಕಣ್ಣಿಗೆ ಜೊತೆಯಾದರೆ ನಾನು ಎರಡು ಕೈಯೆತ್ತಿ ಸ್ವಾಗತಿಸುತ್ತೇನೆ.

ಇನ್ನು ಬೆಲೆಯ ವಿಷಯ. ರೈತನ ಮುಂದೆ ಬರುವ ಪ್ರತಿಯೊಂದು ಸ್ಟಾರ್ಟಪ್ಪೂ ಹೇಳುವ ಮೊದಲ ಮಾತು, ದಲ್ಲಾಳಿಯನ್ನು ತೆಗೆಯುತ್ತೇವೆ ಎಂದು. ಗೂಡಿನ ವ್ಯಾಪಾರದಲ್ಲಿ ಆ ಕೆಲಸವನ್ನು ಸರ್ಕಾರ ಎಂದೋ ಮಾಡಿದೆ. ಆಗಿನ ಮೈಸೂರು ರಾಜ್ಯ 1959ರಲ್ಲೇ ಗೂಡು, ಮೊಟ್ಟೆ, ನೂಲಿನ ವ್ಯಾಪಾರಕ್ಕೆ ಕಾಯ್ದೆ ತಂದಿತು. ಗೂಡು ಸರ್ಕಾರಿ ಮಾರುಕಟ್ಟೆಗೇ ಬರಬೇಕು, ಅಲ್ಲೇ ಹರಾಜಾಗಬೇಕು, ಅಲ್ಲೇ ತೂಗಬೇಕು. ಯಾಕೆ ಅಷ್ಟು ಕಟ್ಟುನಿಟ್ಟು? ಗೂಡು ರಾಗಿಯಂತೆ ಕಣಜದಲ್ಲಿ ಇಟ್ಟು ಬೆಲೆ ಬರಲಿ ಎಂದು ಕಾಯುವ ಸರಕಲ್ಲ. ಬಿಡಿಸಿದ ಮೇಲೆ ಕೆಲವೇ ದಿನ. ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡು ತುಂಡು, ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಕಾಯಲಾರದ ರೈತನ ಎದುರಿಗೆ ಒಬ್ಬನೇ ಕೊಳ್ಳುವವನು ನಿಂತರೆ ಬೆಲೆ ಹೇಳುವವನು ಅವನೇ. ಹತ್ತು ಜನ ರೀಲರುಗಳು ಒಂದು ಲಾಟಿನ ಸುತ್ತ ನಿಂತು ಏರಿಸುವಾಗ ಮಾತ್ರ ರೈತನಿಗೆ ಬಲ. ಆ್ಯಪಿನವರು ಹೊಲಕ್ಕೇ ಬಂದು ಕೊಳ್ಳುತ್ತೇವೆ, ಬಸ್ಸಿನ ಖರ್ಚು ಉಳಿಯುತ್ತದೆ ಎನ್ನುವಾಗ ಸುಖವೇನೋ ಹೌದು. ಆದರೆ ಅಲ್ಲಿ ಹೋದದ್ದು ದಲ್ಲಾಳಿ ಅಲ್ಲ, ಮಾರುಕಟ್ಟೆ. ಹತ್ತು ಜನರ ಜಾಗದಲ್ಲಿ ಒಬ್ಬ ಬಂದು ಕೂತ, ಅವನ ಕೈಯಲ್ಲಿ ಚೆಂದದ ಫೋನು ಇತ್ತು.

ಮಾರುಕಟ್ಟೆಗೂ ಕಂಪ್ಯೂಟರು ಬಂದಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ರಾಮನಗರದಲ್ಲಿ ಹರಾಜು ಇ-ಹರಾಜಾಗಿದೆ. ಹಿಂದೆ ಗಂಟಲು ಹರಿಯುವ ಹಾಗೆ ಕೂಗಿ ಬೆಲೆ ಏರಿಸುತ್ತಿದ್ದರು, ಗದ್ದಲದಲ್ಲಿ ಯಾರ ಕೂಗು ದಾಖಲಾಯಿತು, ಯಾರದ್ದು ಹೋಯಿತು ಎಂದು ಹೇಳಲಾಗುತ್ತಿರಲಿಲ್ಲ. ಬೆಲೆ ಬರೆದುಕೊಳ್ಳುವ ಕೆಲಸ ಯಂತ್ರಕ್ಕೆ ಕೊಟ್ಟದ್ದು ಒಳ್ಳೆಯದೇ ಆಯಿತು. ಬೆಲೆ ಒತ್ತುವ ಮುಂಚೆ ರೀಲರು ಏನು ಮಾಡುತ್ತಾನೆ ನೋಡಿ. ಕೈಯನ್ನು ಗೂಡಿನ ರಾಶಿಯ ಒಳಕ್ಕೆ, ತಳದವರೆಗೂ ಬಿಡುತ್ತಾನೆ. ಮೇಲೆ ಒಳ್ಳೆಯದು ಹರಡಿ ಕೆಳಗೆ ಕೆಟ್ಟದ್ದು ಇಟ್ಟಿರಬಹುದಲ್ಲ. ಒಂದು ಗೂಡು ತೆಗೆದು ಹೆಬ್ಬೆರಳಿನಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಒಳಗೆ ಕೋಶ ಬಲಿತಿದ್ದರೆ ಒಂದು ಸದ್ದು, ಹುಳು ಒಳಗೇ ಕರಗಿದ್ದರೆ ಸದ್ದೇ ಇಲ್ಲ. ಅನುಮಾನ ಬಂದರೆ ಒಂದನ್ನು ಕತ್ತರಿಸಿಯೇ ನೋಡುತ್ತಾನೆ. ಆಮೇಲೆ ಫೋನು ಜೇಬಿನಿಂದ ಹೊರಗೆ ಬರುತ್ತದೆ.

ನೂಲು ಬಿಚ್ಚುವುದರಲ್ಲಂತೂ ಯಂತ್ರ ಬಹಳ ದೂರ ಹೋಗಿದೆ. 1872ರಲ್ಲಿ ಜಪಾನಿನ ತೊಮಿಯೋಕಾದಲ್ಲಿ ಸರ್ಕಾರವೇ ನೂಲಿನ ಗಿರಣಿ ಕಟ್ಟಿತು, ಈಗ ಅದು ವಿಶ್ವ ಪರಂಪರೆಯ ತಾಣ. ಸ್ವಯಂಚಾಲಿತ ಯಂತ್ರ ಬಂದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ, ಅಂದರೆ ಅಷ್ಟು ಬುದ್ಧಿವಂತ ದೇಶಕ್ಕೂ ಎಂಬತ್ತು ವರ್ಷ ಹಿಡಿಯಿತು. ತೊಡಕು ಎಲ್ಲಿತ್ತು? ಗೂಡಿನ ಎಳೆ ಒಂದೇ ದಪ್ಪ ಇರುವುದಿಲ್ಲ. ಹೊರಗೆ ದಪ್ಪ, ಒಳಗೆ ಹೋದಂತೆ ತೆಳು. ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಎಳೆಯುವಾಗ ಕೆಲವು ಗೂಡು ಮುಗಿಯುತ್ತಾ ಬಂದಿರುತ್ತವೆ, ಕೆಲವು ಈಗಷ್ಟೇ ಶುರುವಾಗಿರುತ್ತವೆ. ನೂಲು ತೆಳ್ಳಗಾಯಿತು ಎಂದು ಗೊತ್ತಾದ ಕ್ಷಣ ಬಿಸಿನೀರಿನಲ್ಲಿ ತೇಲುವ ಇನ್ನೊಂದು ಗೂಡಿನ ತುದಿ ಹಿಡಿದು ಎಸೆದು ಸೇರಿಸಬೇಕು. ಚರಕದ ಮುಂದೆ ಕೂತ ಹೆಂಗಸಿನ ಬೆರಳು ಇದನ್ನು ಲೆಕ್ಕ ಇಡದೆ ಮಾಡುತ್ತದೆ. ಯಂತ್ರದಲ್ಲಿ ನೂಲಿನ ದಪ್ಪವನ್ನು ಉಜ್ಜಿ ಅಳೆಯುವ ಒಂದು ಪುಟ್ಟ ಸಾಧನ ಇದೆ. ತೆಳ್ಳಗಾದರೆ ಅದು ಸನ್ನೆ ಕೊಡುತ್ತದೆ, ಇನ್ನೊಂದು ಗೂಡು ಬಂದು ಸೇರುತ್ತದೆ. ನಿಜವಾಗಿಯೂ ಕೈಮುಗಿಯಬೇಕಾದ ಕೆಲಸ.

ಆದರೆ ಆ ಯಂತ್ರಕ್ಕೆ ಒಂದೇ ಅಳತೆಯ, ಒಂದೇ ಗುಣದ ಗೂಡು ಬೇಕು. ಆರಿಸಿಕೊಡುವವರು ಯಾರು? ಗಿರಣಿಯ ಮುಂದೆ ಸಾಲಾಗಿ ಕೂತ ಹೆಂಗಸರು. ಕರೆಗೂಡು, ತೆಳುಗೂಡು, ತೂತಾದ ಗೂಡು, ಜೋಡಿಗೂಡು ಎಲ್ಲವನ್ನೂ ಕೈಯಲ್ಲಿ ಬೇರೆ ಮಾಡುತ್ತಾರೆ. ಜೋಡಿಗೂಡು ಅಂದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದ್ದು, ಎರಡರ ಎಳೆಯೂ ಒಂದಕ್ಕೊಂದು ಸಿಕ್ಕಾಗಿ ಯಂತ್ರದಲ್ಲಿ ಕಡಿದುಹೋಗುತ್ತದೆ. ಯಂತ್ರ ಬೇಡವೆಂದು ಬಿಸಾಕಿದ ಅದೇ ಗೂಡು ಕೈಚರಕಕ್ಕೆ ಹೋಗಿ ಅಲ್ಲಲ್ಲಿ ಗಂಟು ಗಂಟಾದ ಡುಪಿಯನ್ ನೂಲಾಗುತ್ತದೆ. ಆ ಗಂಟು ಇರುವುದಕ್ಕೇ ಡುಪಿಯನ್ ಬಟ್ಟೆ ಬೇಕೆಂದು ಕೇಳಿ ಕೊಳ್ಳುವವರಿದ್ದಾರೆ.

ರೇಷ್ಮೆ ಬಿಟ್ಟು ನಮ್ಮೂರ ಸುತ್ತಲಿನ ಇನ್ನೊಂದು ಸಂಗತಿಗೆ ಬರುತ್ತೇನೆ. ನಮ್ಮ ಕಡೆ ನೂರು ದಿನದ ಕೆಲಸ ಎಂದರೆ ಮಕ್ಕಳಿಗೂ ಗೊತ್ತು, ಉದ್ಯೋಗ ಖಾತರಿಯ ಕೆಲಸ. ಅದರಲ್ಲಿ ಸುಳ್ಳು ಹಾಜರಾತಿ ಬರೆಯುತ್ತಾರೆ ಎಂದು ಕೇಂದ್ರ ಸರ್ಕಾರ ಎನ್‌ಎಂಎಂಎಸ್ ಎಂಬ ಆ್ಯಪ್ ತಂದಿತು. 2023ರ ಜನವರಿ 1ರಿಂದ ಅದು ಎಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ಕೆಲಸದ ಜಾಗದಲ್ಲೇ, ಫೋಟೋ ತೆಗೆದು ಹಾಕಬೇಕಾಯಿತು. ಸಿಗ್ನಲ್ ಇಲ್ಲದ ಕಡೆ ಕೆಲಸಗಾರರು ಬಿಸಿಲಲ್ಲಿ ಸಾಲಾಗಿ ನಿಂತಿರುವಾಗ, ಕೆಲಸ ನೋಡಿಕೊಳ್ಳುವ ಮೇಟ್ ಫೋನನ್ನು ಆಕಾಶಕ್ಕೆ ಹಿಡಿದು ಕಾಯುವುದು ನೋಡಬೇಕಾದ ದೃಶ್ಯ. ಸರಿ, ಇನ್ನು ಕಳ್ಳತನ ನಿಂತಿತು ಎಂದುಕೊಂಡರು. 2025ರ ಜುಲೈನಲ್ಲಿ ಅದೇ ಕೇಂದ್ರ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಬೇಕಾಯಿತು. ಕೆಲವು ಕಡೆ ಸಂಬಂಧವೇ ಇಲ್ಲದ ಫೋಟೋ ಹಾಕುತ್ತಿದ್ದಾರೆ, ಹಳೆಯ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ, ಆದ್ದರಿಂದ ಇನ್ನು ಮೇಲೆ ಪಂಚಾಯಿತಿಯವರು ಎಲ್ಲ ಫೋಟೋಗಳನ್ನೂ ಕಣ್ಣಾರೆ ನೋಡಿ ತಾಳೆ ಹಾಕಬೇಕು ಎಂದು. ಮನುಷ್ಯನನ್ನು ಕಾಯಲು ಆ್ಯಪ್, ಆ್ಯಪನ್ನು ಕಾಯಲು ಮನುಷ್ಯ. ಮುಂಚೆ ಒಂದು ರಿಜಿಸ್ಟರು ಇತ್ತು, ಆಮೇಲೆ ಆ್ಯಪ್ ಬಂತು. ತಪ್ಪಾದ ದಿನ ಕೂಲಿ ಹೋಗುವುದು ಮಾತ್ರ ಆಗಲೂ ಈಗಲೂ ಗುದ್ದಲಿ ಹಿಡಿದವಳದ್ದೇ. ಇದೇ ಬಾರಾಮಹಲಿನಲ್ಲಿ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ತಾನೇ ಹೊಲದಿಂದ ಹೊಲಕ್ಕೆ ತಿರುಗಿ ರೈತರ ದೂರು ಕೇಳುತ್ತಿದ್ದ. ಅವನೇನೂ ನಮ್ಮ ನೆಂಟನಲ್ಲ, ತೆರಿಗೆ ಕೇಳಲು ಬಂದವನು, ಆದರೂ ಬರುತ್ತಿದ್ದ.

ಸ್ವಯಂಚಾಲಿತ ಎಂದು ಹೇಳುವ ಅನೇಕ ವಸ್ತುಗಳ ಒಳಗೆ ಮನುಷ್ಯರು ಕೂತಿರುತ್ತಾರೆ ಎಂಬುದಕ್ಕೆ ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಸೇಲಂಗೆ ಹೋದರೆ ಸಾಕು. ವಿಪ್ರೋದ ಹಳಬರಾದ ಶ್ರೀಧರ್ ಮಿತ್ತ ಅವರು ಕಟ್ಟಿದ ನೆಕ್ಸ್ಟ್‌ವೆಲ್ತ್ ಎಂಬ ಬೆಂಗಳೂರಿನ ಸಂಸ್ಥೆ ಸೇಲಂ, ಮಲ್ಲಸಮುದ್ರಂ, ನಮ್ಮ ಹುಬ್ಬಳ್ಳಿ ಇಂಥ ಊರುಗಳಲ್ಲಿ ಕೇಂದ್ರಗಳನ್ನು ನಡೆಸುತ್ತದೆ. ಊರು ಬಿಟ್ಟು ದೂರ ಹೋಗಲಾಗದ ಪದವೀಧರ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ. ಈ ಬಗೆಯ ಕೇಂದ್ರಗಳಲ್ಲಿ ಏನು ಮಾಡುತ್ತಾರೆ? ಚಿತ್ರದಲ್ಲಿ ಇದು ಕಾರು, ಇದು ಸೈಕಲ್ಲು, ಇದು ರಸ್ತೆ ದಾಟುವ ಮನುಷ್ಯ ಎಂದು ಗೆರೆ ಎಳೆದು ಗುರುತು ಹಾಕುತ್ತಾರೆ. ಆ ಗುರುತುಗಳನ್ನು ನೋಡಿಯೇ ಯಂತ್ರ ಕಲಿಯುವುದು. ಚಾಮರಾಜನಗರದ ಹಳ್ಳಿಗಳಲ್ಲಿ ಕಾರ್ಯ ಎಂಬ ಸಂಸ್ಥೆಗಾಗಿ ಹೆಂಗಸರು ಫೋನಿನ ಮುಂದೆ ಕನ್ನಡದ ವಾಕ್ಯಗಳನ್ನು ಓದಿ ದನಿ ಕೊಟ್ಟಿದ್ದಾರೆ. ಯಂತ್ರ ಇವತ್ತು ಅಷ್ಟಿಷ್ಟು ಕನ್ನಡ ಆಡುತ್ತಿದ್ದರೆ ಅದರ ಹಿಂದೆ ಇಂಥವರ ಗಂಟಲಿದೆ. ಆ ಕೆಲಸವನ್ನು ನಾನು ಹೀಗಳೆಯುವುದಿಲ್ಲ, ಫ್ಯಾನಿನ ಕೆಳಗೆ ಕೂತು ಮಾಡುವ ಮರ್ಯಾದೆಯ ಕೆಲಸ. ನನ್ನ ಸಿಟ್ಟು ಅವರನ್ನು ಮುಚ್ಚಿಡುವವರ ಮೇಲೆ.

ಮುಚ್ಚಿಡುವವರು ಕಡಿಮೆ ಇಲ್ಲ. ಲಂಡನ್ನಿನ ಬಿಲ್ಡರ್ ಡಾಟ್ ಎಐ ಎಂಬ ಕಂಪನಿ, ಕೃತಕ ಬುದ್ಧಿಯೇ ನಿಮ್ಮ ಆ್ಯಪ್ ಕಟ್ಟಿಕೊಡುತ್ತದೆ ಎಂದಿತು. ಬಹುಪಾಲು ಕೆಲಸ ಮಾಡುತ್ತಿದ್ದವರು ಭಾರತ ಮತ್ತಿತರ ಕಡೆಯ ಎಂಜಿನಿಯರುಗಳು ಎಂದು ವಾಲ್ ಸ್ಟ್ರೀಟ್ ಜರ್ನಲ್ 2019ರಲ್ಲೇ ಬರೆಯಿತು. ಆಮೇಲೂ ದೊಡ್ಡ ದೊಡ್ಡವರು ದುಡ್ಡು ಹಾಕಿದರು. 2025ರ ಮೇ ತಿಂಗಳಲ್ಲಿ ಅದು ಮುಳುಗಿತು. ಅಮೆಜಾನ್ ಕಂಪನಿ ಕ್ಯಾಷಿಯರೇ ಇಲ್ಲದ ಅಂಗಡಿ ಮಾಡಿತು, ಬೇಕಾದ್ದು ಎತ್ತಿಕೊಂಡು ಸುಮ್ಮನೆ ಹೊರಗೆ ನಡೆಯಿರಿ ಎಂದಿತು. 2024ರಲ್ಲಿ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಅದನ್ನು ತೆಗೆಯಿತು. ಆ ವ್ಯವಸ್ಥೆಯ ಹಿಂದೆ ಭಾರತದಲ್ಲಿ ಸಾವಿರದಷ್ಟು ಜನ ವಿಡಿಯೋ ನೋಡುತ್ತಾ ತಪ್ಪು ತಿದ್ದುತ್ತಿದ್ದರು ಎಂದು ವರದಿಯಾ‌ಯಿತು. ಅವರು ನೋಡುತ್ತಿದ್ದದ್ದು ಸ್ವಲ್ಪವೇ, ಅದೂ ಯಂತ್ರಕ್ಕೆ ಕಲಿಸಲು ಎಂದು ಕಂಪನಿ ಹೇಳಿತು. ಇರಲಿ. ಕ್ಯಾಷಿಯರು ಕಾಣದ ಆ ಅಂಗಡಿಯ ಹಿಂದೆ ಪರದೆಯ ಮುಂದೆ ಕೂತ ಮನುಷ್ಯರಿದ್ದರು ಎಂಬುದನ್ನು ಮಾತ್ರ ಅವರೂ ಅಲ್ಲಗಳೆಯಲಿಲ್ಲ.

ಯಂತ್ರ ಎಲ್ಲಿ ಬೇಕೋ ಅಲ್ಲಿಗೆ ಬರುವುದಿಲ್ಲ, ಇದು ನನ್ನ ದೊಡ್ಡ ತಕರಾರು. 2025ರ ಫೆಬ್ರವರಿಯಲ್ಲಿ ನಮ್ಮ ಕಂಬೈನಲ್ಲೂರಿನ ಹತ್ತಿರವೇ ಪಟಾಕಿ ಘಟಕ ಸಿಡಿಯಿತು. ಮೂವರು ಹೆಂಗಸರು ಸತ್ತರು. ಮದ್ದಿನ ಹತ್ತಿರ ಕೂತು ದಿನಗೂಲಿಗೆ ದುಡಿಯುವ ಕೈಗಳ ಬದಲಿಗೆ ಒಂದು ಯಂತ್ರ ತರುತ್ತೇನೆ ಎಂದು ಹೊರಟ ಸ್ಟಾರ್ಟಪ್ಪಿನ ಹೆಸರು ನಾನಂತೂ ಕೇಳಿಲ್ಲ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸುವುದಕ್ಕೆ ಸಾವಿರಾರು ಕೋಟಿ ಬರುತ್ತದೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ತೆಗೆದು ಬೆರಳು ಸವೆಸಿಕೊಂಡ ಧರ್ಮಪುರಿ, ಕೃಷ್ಣಗಿರಿಯ ಹೆಂಗಸರ ಕೈಗೆ ಎಟಕುವ ಬೆಲೆಯ ಯಂತ್ರಕ್ಕೆ ಬರುವುದಿಲ್ಲ. ಅಗ್ಗದ ಕೂಲಿ ಇರುವ ತನಕ ಆ ಕೈಗಳನ್ನು ಉಳಿಸುವ ಆತುರ ಯಾರಿಗೂ ಇಲ್ಲ. ದುಡ್ಡು ಹಾಕುವವನು ಐದು ವರ್ಷದಲ್ಲಿ ಹತ್ತರಷ್ಟು ವಾಪಸ್ ಕೇಳುತ್ತಾನೆ, ಹುಣಸೆಹಣ್ಣಿನಲ್ಲಿ ಅದು ಹುಟ್ಟುವುದಿಲ್ಲ.

ಬೇರೆ ಬಗೆಯ ದುಡ್ಡೂ ಒಂದು ಕಾಲಕ್ಕೆ ಇತ್ತು. ಬೆಂಗಳೂರಿನ ಬಸವನಗುಡಿಯ ಆಚೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರಿನ ಜಾಗ ಇದೆ. ಅಲ್ಲಿ ಈಗ ಹುಳುವೂ ಇಲ್ಲ, ಸೊಪ್ಪೂ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್ಷೆಡ್‌ಜಿ ಟಾಟಾ ಜಪಾನಿನ ರೇಷ್ಮೆ ನೋಡಿ ಬಂದು, ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ತೋಟ ಹಾಕಿದರು. ಜಪಾನಿನಿಂದ ತಿಳಿದವರನ್ನು ಕರೆಸಿ ಹುಳು ಸಾಕುವುದು, ರೋಗ ಗುರುತಿಸುವುದು, ನೂಲು ಬಿಚ್ಚುವುದು ಕಲಿಸುವ ಏರ್ಪಾಟು ಮಾಡಿದರು. 1910ರಲ್ಲಿ ಅದು ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಅದೂ ಸೋತದ್ದೇ ಎನ್ನಬಹುದು. ಆದರೆ ಅಲ್ಲಿ ಕಲಿತವರು ಕಲಿತದ್ದನ್ನು ತಮ್ಮ ತಮ್ಮ ಊರಿಗೆ ತೆಗೆದುಕೊಂಡು ಹೋದರು. ಆ್ಯಪ್ ಮುಚ್ಚಿದ ದಿನ ರೈತನ ಫೋನಿನಲ್ಲಿ ಉಳಿಯುವುದೇನು? ಅವನು ವರ್ಷಗಟ್ಟಲೆ ಕೊಟ್ಟ ಬಿಸಿ, ತೇವ, ಇಳುವರಿಯ ಲೆಕ್ಕ ಕೂಡ ಅವನದ್ದಾಗಿ ಉಳಿಯುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎಂದು ನಾನು ಹುಳು ಸಾಕುವವರಿಗೆ ಹೇಳುತ್ತಿರುತ್ತೇನೆ. ಒಂದು ನೋಟು ಪುಸ್ತಕ, ಗೋಡೆಗೆ ಒಂದು ಥರ್ಮಾಮೀಟರು. ಸಲಹೆ ಯಾರದ್ದೇ ಇರಲಿ ಕೇಳಿ, ಆದರೆ ಬೆಳೆ ಹೋದರೆ ನಷ್ಟದಲ್ಲಿ ಅವರ ಪಾಲೆಷ್ಟು ಎಂದು ಮೊದಲೇ ಕೇಳಿ. ಆ ಪ್ರಶ್ನೆಗೆ ಆ್ಯಪಿನವರು ಮೌನವಾಗುತ್ತಾರೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದವನು ಹಾಗಲ್ಲ, ಅವನು ಮುಂದಿನ ಬೆಳೆಗೂ ನಿಮ್ಮ ಮನೆ ಬಾಗಿಲಿಗೇ ಬರಬೇಕಾದವನು, ಏನಾದರೂ ಒಂದು ಉತ್ತರ ಕೊಟ್ಟೇ ಕೊಡುತ್ತಾನೆ.

ಈ ಮಾತುಗಳನ್ನೆಲ್ಲ ಮನೆಯಲ್ಲಿ ಆಡುವಾಗ ಕೇಳಿಸಿಕೊಂಡ ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ಮುಗಿಸಿದವನು, ಮುಖ ಚಿಕ್ಕದು ಮಾಡಿಕೊಂಡು ಕೇಳಿದ. ಅವನಿಗೆ ಬೆಂಗಳೂರಿನ ಒಂದು ಹೊಸ ಕಂಪನಿಯಿಂದ ಕರೆ ಬಂದಿತ್ತು, ಸಂಬಳದಲ್ಲಿ ಅರ್ಧ ದುಡ್ಡು, ಅರ್ಧ ಕಂಪನಿಯ ಶೇರು.

"ಹಂಗಾದ್ರೆ ಸೇರಬೇಡ ಅಂತೀರಾ ಮಾಮ?"

"ಸೇರಪ್ಪ, ಯಾರು ಬೇಡ ಅಂದ್ರು? ಶೇರು ಅವರ ಹತ್ರನೇ ಇರಲಿ, ಸಂಬಳ ಪೂರ್ತಿ ಬ್ಯಾಂಕಿಗೆ ಹಾಕಿಸ್ಕೊ."

ಅವನು ಹಾಗೆಯೇ ಕೇಳಿದನಂತೆ, ಅವರೂ ಒಪ್ಪಿದರಂತೆ. ಸೇರಿದ್ದಾನೆ. ಎಲ್ಲವನ್ನೂ ಯಂತ್ರವೇ ಮಾಡುತ್ತದೆ ಎಂದು ಜಾಹೀರಾತು ಕೊಡುವ ಕಂಪನಿ ಅದು. ಅಲ್ಲಿ ನಿನ್ನ ಕೆಲಸ ಏನಪ್ಪ ಎಂದು ಅವನ ಅಮ್ಮ ಫೋನಿನಲ್ಲಿ ಕೇಳಿದಳು. ಯಂತ್ರ ಕೊಟ್ಟ ಉತ್ತರ ಸರಿ ಇದೆಯೋ ಇಲ್ಲವೋ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೂತು ನೋಡುವುದಂತೆ.